ಅನ್ನದ ತಟ್ಟೆಯ ಬಳಿ ಗುರುಗುಟ್ಟುವ ನಾಯಿ: ಹೊಡೆದು ತಿದ್ದಬಹುದೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ತೋಟದ ಮನೆ. ಶಿವಮೊಗ್ಗದಲ್ಲಿ ಬೀದಿಯಿಂದ ಎತ್ತಿ ತಂದು ಆರೈಕೆ ಮಾಡುತ್ತಿದ್ದವರಿಂದ ಹತ್ತು ತಿಂಗಳ ಗಂಡು ನಾಯಿಯೊಂದನ್ನು ಪಡೆದು ಮೂರು ವಾರವಾಯಿತು. ಮನೆಯವಳ ಹಿಂದೆ ಬಾಲ ಅಲ್ಲಾಡಿಸಿಕೊಂಡು ತಿರುಗುತ್ತದೆ. ಆದರೆ ಅನ್ನದ ತಟ್ಟೆಯ ಬಳಿ ಯಾರು ಸುಳಿದರೂ ಗುರುಗುಟ್ಟುತ್ತದೆ. ಹೊರಗಿನ ಗಂಡಸರು ಬಂದರೆ ಮಂಚದ ಕೆಳಗೆ ಸೇರುತ್ತದೆ, ಇಲ್ಲವೇ ಮೈಮೇಲೆ ಬೀಳುವಂತೆ ಬೊಗಳುತ್ತದೆ. ನಾಲ್ಕು ಬಿಗಿದರೆ ದಾರಿಗೆ ಬರುತ್ತದೆ ಎನ್ನುತ್ತಾರೆ ಅಕ್ಕಪಕ್ಕದವರು. ಮುಂದಿನ ತಿಂಗಳು ಅಡಿಕೆ ಕೊಯ್ಲು ಶುರುವಾಗುತ್ತದೆ. ಏನು ಮಾಡುವುದು?

ಉತ್ತರ: ಹೊಡೆಯಬೇಡಿ. ದಯೆಯ ಮಾತು ಹಾಗಿರಲಿ, ಏಟಿನಿಂದ ನಿಲ್ಲುವುದು ಗುರುಗುಟ್ಟುವ ಸದ್ದು ಮಾತ್ರ, ಅದರ ಹಿಂದಿರುವ ಹೆದರಿಕೆಯಲ್ಲ. ಕಚ್ಚುವುದಕ್ಕೆ ಮೊದಲು ನಾಯಿ ಸಾಮಾನ್ಯವಾಗಿ ಒಂದಾದ ಮೇಲೊಂದು ಸೂಚನೆ ಕೊಡುತ್ತದೆ: ತಿನ್ನುತ್ತಿದ್ದ ಬಾಯಿ ತಟ್ಟನೆ ನಿಲ್ಲುತ್ತದೆ, ಮೈ ಸೆಟೆದುಕೊಳ್ಳುತ್ತದೆ, ತಲೆ ತಟ್ಟೆಯ ಮೇಲೆ ಇನ್ನಷ್ಟು ಬಾಗಿ ಕಣ್ಣಿನ ಬಿಳಿಯ ಅಂಚು ಕಾಣುತ್ತದೆ, ಆಮೇಲೆ ಗುರ್ರೆನ್ನುತ್ತದೆ, ಕೊನೆಗೆ ಹಲ್ಲು. ಗುರ್ರೆಂದಾಗಲೆಲ್ಲ ಪೆಟ್ಟು ಬಿದ್ದರೆ ನಡುವಿನ ಆ ಒಂದು ಸೂಚನೆಯನ್ನು ಕೊಡುವುದು ಅಪಾಯವೆಂದು ಅದು ಕಲಿಯುತ್ತದೆ. ‘ಏನೂ ಸದ್ದಿಲ್ಲದೆ ಕಚ್ಚಿಬಿಟ್ಟಿತು’ ಎಂದು ಜನ ದೂರುವ ನಾಯಿಗಳಲ್ಲಿ ಎಷ್ಟೋ ಹೀಗೆ ಬಾಯಿ ಮುಚ್ಚಿಸಿಕೊಂಡವು.

ನಾಯಿಮರಿಯೊಂದು ಹುಟ್ಟಿದ 3ನೆಯ ವಾರದಿಂದ ಸುಮಾರು 14ನೆಯ ವಾರದವರೆಗೆ ಕಂಡದ್ದನ್ನೆಲ್ಲ ಸುಲಭವಾಗಿ ತನ್ನ ಲೋಕಕ್ಕೆ ಸೇರಿಸಿಕೊಳ್ಳುತ್ತದೆ. ಆ ಅವಧಿಯಲ್ಲಿ ಮನುಷ್ಯರ ಒಳ್ಳೆಯ ಸಂಗ ಸಿಗದೆ ಹೋದರೆ ಮುಂದೆ ಪ್ರತಿ ಹೊಸ ಮುಖವೂ ಅನುಮಾನಕ್ಕೆ ಕಾರಣವಾಗುತ್ತದೆ. ಬೀದಿಯಲ್ಲಿ ನಾಲ್ಕು ಮರಿಗಳ ನಡುವೆ ಒಂದು ತುಂಡು ಬನ್ನಿಗಾಗಿ ಕಿತ್ತಾಡಿದ ಮರಿಗೆ ತಟ್ಟೆಯ ಬಳಿ ಬಂದ ಕಾಲು ಕಸಿದುಕೊಳ್ಳುವ ಕಾಲಾಗಿಯೇ ತೋರುತ್ತದೆ. ಇದರ ಮೇಲೆ ಹತ್ತು ತಿಂಗಳೆಂದರೆ ನಾಯಿಗೆ ಹರೆಯ. ತಂದ ನಾಯಿ ಬೆದರಿಕೆ ಬಿಡಲು ಮೂರು ದಿನ, ದಿನಚರಿ ಅರಿಯಲು ಮೂರು ವಾರ, ಮನೆ ತನ್ನದೆಂದುಕೊಳ್ಳಲು ಮೂರು ತಿಂಗಳು ಎಂಬ ಲೆಕ್ಕವೊಂದು ನಾಯಿ ಸಾಕುವವರಲ್ಲಿ ಬಳಕೆಯಲ್ಲಿದೆ. ಅದು ಅಂದಾಜೇ ಹೊರತು ಪಂಚಾಂಗವಲ್ಲ.

ತರಬೇತಿಗೆ ಮೊದಲು ಪಶುವೈದ್ಯರಿಗೆ ತೋರಿಸಿ. ಕಿವಿಯ ಸೋಂಕು, ಹಲ್ಲುನೋವು, ಉಣುಗಿನಿಂದ ಬರುವ ಜ್ವರ ಇವು ಯಾವ ನಾಯಿಯನ್ನಾದರೂ ಸಿಡುಕನನ್ನಾಗಿ ಮಾಡುತ್ತವೆ, ಮತ್ತು ಮಲೆನಾಡಿನ ತೋಟದಲ್ಲಿ ಉಣುಗಿಗೆ ಬರವಿಲ್ಲ. ನಿಮ್ಮ ಊರಿನ ಪಶು ಆಸ್ಪತ್ರೆಯಲ್ಲಿ ಆಗದಿದ್ದರೆ ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ರೇಬೀಸ್ ಲಸಿಕೆ ಆಗಿದೆಯೇ ಎಂಬುದನ್ನು ಬಾಯಿಮಾತಿನಲ್ಲಿ ನಂಬದೆ ಚೀಟಿ ನೋಡಿ. ಇಲ್ಲದಿದ್ದರೆ ಅಂದೇ ಹಾಕಿಸಿ. ಸಂತಾನಹರಣದ ಶಸ್ತ್ರಚಿಕಿತ್ಸೆ ಮಾಡಿಸುವುದು ಒಳ್ಳೆಯದೇ, ಅಲೆದಾಟ ಕಡಿಮೆಯಾಗಬಹುದು; ಆದರೆ ಹೆದರಿಕೆಗೆ ಅದು ಔಷಧವೆಂದು ತಿಳಿಯಬೇಡಿ.

ಇನ್ನು ತಟ್ಟೆಯ ವಿಷಯ. ‘ಯಜಮಾನ ಯಾರೆಂದು ಗೊತ್ತಾಗಲಿ’ ಎಂದು ಉಣ್ಣುತ್ತಿರುವಾಗ ತಟ್ಟೆಗೆ ಕೈ ಹಾಕುವವರಿದ್ದಾರೆ. ಅದು ನಾಯಿಯ ಅನುಮಾನವನ್ನು ನಿಜ ಮಾಡಿ ತೋರಿಸುವ ಕೆಲಸ. ನೀವು ಮಾಡಬೇಕಾದದ್ದು ತದ್ವಿರುದ್ಧ: ನಿಮ್ಮ ಹೆಜ್ಜೆಯ ಸದ್ದಾದರೆ ಊಟ ಹೋಗುವುದಿಲ್ಲ, ಇನ್ನಷ್ಟು ಬರುತ್ತದೆ ಎಂಬುದು ಅದಕ್ಕೆ ಮನದಟ್ಟಾಗಬೇಕು. ಯಾರೂ ಓಡಾಡದ ಮೂಲೆಯಲ್ಲಿ ಅನ್ನ ಹಾಕಿ, ಅದು ತಲೆಯೆತ್ತದೆ ತಿನ್ನುವಷ್ಟು ದೂರದಲ್ಲಿ, ಹತ್ತು ಹೆಜ್ಜೆಯಾದರೆ ಹತ್ತು ಹೆಜ್ಜೆ, ನಿಂತು ಬೇಯಿಸಿದ ಮೊಟ್ಟೆಯ ಚೂರನ್ನೋ ಕೋಳಿಯ ಮೂಳೆಯಿಲ್ಲದ ತುಂಡನ್ನೋ ತಟ್ಟೆಯ ಕಡೆಗೆ ಎಸೆದು, ಮಾತಾಡಿಸದೆ ಹಿಂದಿರುಗಿ ಹೋಗಿಬಿಡಿ. ದಿನಕ್ಕೆ ಎರಡು ಹೊತ್ತು ಇಷ್ಟೇ. ನಿಮ್ಮನ್ನು ಕಂಡೊಡನೆ ಅದು ತಟ್ಟೆ ಬಿಟ್ಟು ನಿಮ್ಮ ಕೈಯತ್ತ ನೋಡತೊಡಗಿದ ಮೇಲೆ ಒಂದು ಹೆಜ್ಜೆ ಹತ್ತಿರ ಬನ್ನಿ. ಮೈ ಸೆಟೆಯಿತೋ, ಎರಡು ಹೆಜ್ಜೆ ಹಿಂದೆ ಸರಿಯಿರಿ. ಅದು ಕಚ್ಚಿಕೊಂಡು ಹೋದ ಚಪ್ಪಲಿಯನ್ನು ಬಿಡಿಸಿಕೊಳ್ಳುವುದೂ ಇದೇ ರೀತಿ, ಕಿತ್ತುಕೊಂಡಲ್ಲ, ಬೇರೊಂದು ಕೊಟ್ಟು. ಮಕ್ಕಳಿಗೆ ಈ ಪಾಠದಲ್ಲಿ ಪಾತ್ರವಿಲ್ಲ. ನಾಯಿ ಉಣ್ಣುವಾಗ ಅವರು ಆ ಕಡೆ ಸುಳಿಯಬಾರದು.

ಹೊರಗಿನವರ ಭಯಕ್ಕೆ ಮದ್ದು ಹುಡುಕುವ ಮೊದಲು ಅದು ನಿಜವಾಗಿ ಯಾವುದಕ್ಕೆ ಹೆದರುತ್ತಿದೆ ಎಂದು ನೋಡಬೇಕು. ನಮ್ಮ ಮನೆಗೆ ಬಂದ ಇಂಥದೇ ನಾಯಿ ಗಂಡಸರನ್ನು ಕಂಡರೆ ಹೆದರುತ್ತದೆ ಎಂದೇ ನಾವು ನಂಬಿದ್ದೆವು. ಒಂದು ದಿನ ಮರದಿಂದ ಅಡಿಕೆ ಕೊನೆ ಇಳಿಸುವ ಕೊನೆಗಾರ ಜಗಲಿಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದಾಗ ಅದು ಅವನ ಕಾಲ್ಬೆರಳನ್ನು ಮೂಸಿ ಸುಮ್ಮನೆ ಮಲಗಿತು. ಅವನು ಎದ್ದು ಗೋಡೆಗೊರಗಿಸಿದ್ದ ದೋಟಿಗೆ, ಅಂದರೆ ಕೊನೆ ಕೀಳುವ ಉದ್ದನೆಯ ಕೋಲಿಗೆ, ಕೈ ಹಾಕಿದನೋ ಇಲ್ಲವೋ, ಒಂದೇ ನೆಗೆತಕ್ಕೆ ಕೊಟ್ಟಿಗೆಯ ಸೊಪ್ಪಿನ ರಾಶಿಯ ಹಿಂದೆ ಹೋಗಿ ಉಚ್ಚೆ ಹೊಯ್ದುಕೊಂಡಿತು. ಕೋಲು ಎತ್ತಿದ ಕೈ, ಅಷ್ಟೇ ಅದರ ಭಯ. ಕೊರಳಪಟ್ಟಿ ಹಿಡಿದು ಹೊರಗೆಳೆಯಲು ಹೋದದ್ದು ನನ್ನ ದಡ್ಡತನ. ಹೆಬ್ಬೆರಳಿನ ಬುಡದಲ್ಲಿ ಗುರುತು ಇನ್ನೂ ಇದೆ. ಆಮೇಲೆ ದೋಟಿಯನ್ನು ಅಂಗಳದಲ್ಲಿ ಮಲಗಿಸಿ ಅದರ ಪಕ್ಕದಲ್ಲೇ ದೋಸೆಯ ಚೂರು ಹಾಕತೊಡಗಿದೆವು. ಕೆಲವು ದಿನ ಬಿಟ್ಟು ತುದಿಯನ್ನು ಗೇಣುದ್ದ ಎತ್ತುವುದು, ಮತ್ತೆ ಚೂರು. ಎರಡು ತಿಂಗಳು ಹಿಡಿಯಿತು.

ನಿಮ್ಮ ಮನೆಗೆ ಬರುವವರಿಗೆ ಹೇಳಬೇಕಾದದ್ದು ಇಷ್ಟೇ: ಕಣ್ಣಿಟ್ಟು ನೋಡಬೇಡಿ, ಕೈ ಚಾಚಬೇಡಿ, ತಲೆ ಸವರಬೇಡಿ, ಪಕ್ಕಕ್ಕೆ ತಿರುಗಿ ಕುಳಿತುಕೊಳ್ಳಿ. ಮಂಚದ ಕೆಳಗಿನ ಜಾಗವನ್ನು ಅದಕ್ಕೇ ಬಿಟ್ಟುಕೊಡಿ. ನಮ್ಮ ಕಡೆಯ ವಾಡಿಕೆಯಂತೆ ಹಗಲಿಡೀ ಸರಪಳಿಯಲ್ಲಿ ಕಟ್ಟಿ ರಾತ್ರಿ ಬಿಡುವುದು ಎರಡು ವಿಧದಲ್ಲೂ ಕೆಟ್ಟದ್ದು: ಓಡಿಹೋಗುವ ದಾರಿಯಿಲ್ಲದ ಅಂಜುಬುರುಕನಿಗೆ ಮೇಲೇರಿ ಹೋಗುವುದೊಂದೇ ಉಳಿಯುತ್ತದೆ, ರಾತ್ರಿ ಬಿಟ್ಟರೆ ಚಿರತೆಯ ಬಾಯಿಗೆ.

ಹಲ್ಲು ತಾಗಿದರೆ, ಲಸಿಕೆಯಾದ ನಾಯಿಯೇ ಆಗಲಿ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಮೆಣಸಿನಪುಡಿ, ನಾಟಿ ಔಷಧಿ ಯಾವುದೂ ಬೇಡ. ಆಳವಾಗಿ ಕಚ್ಚುವುದು ಮರುಕಳಿಸಿದರೆ, ಅದರಲ್ಲೂ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ನಡೆದುದನ್ನು ಮುಚ್ಚಿಡದೆ ಹೇಳಿ ಕೊಟ್ಟವರಿಗೇ ಹಿಂದಿರುಗಿಸುವುದರಲ್ಲಿ ತಪ್ಪಿಲ್ಲ. ಗೋಣಿಚೀಲದಲ್ಲಿ ತುಂಬಿ ಘಾಟಿಯಲ್ಲಿ ಬಿಟ್ಟು ಬರುವುದು ಮಾತ್ರ ಆಗದು. ಹಸಿವು ನೀರಡಿಕೆಗೆ ಈಡಾಗುವಂತೆ ಪ್ರಾಣಿಯನ್ನು ಕೈಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ನಿಮ್ಮ ನಾಯಿ ಆ ಹಂತದಲ್ಲಿಲ್ಲ.

ಕೊಯ್ಲಿನ ಹಗಲು ಅದನ್ನು ನೀರು, ಹಾಸಿಗೆ, ಅಗಿಯಲೊಂದು ವಸ್ತುವಿನೊಂದಿಗೆ ಹಿಂದಿನ ಕೋಣೆಯಲ್ಲಿ ಇರಿಸಿ. ಆಳುಗಳು ಊಟಕ್ಕೆ ಕುಳಿತಾಗ ಬಾಗಿಲು ಹಾಕಿಯೇ ಇರಲಿ. ಆದರೆ ಅಡಿಕೆ ಸುಲಿಯುವ ರಾತ್ರಿಗಳನ್ನು ಕಳೆದುಕೊಳ್ಳಬೇಡಿ. ಎಲ್ಲರೂ ಕುಳಿತಿರುತ್ತಾರೆ, ಕೈ ಕೆಲಸದಲ್ಲಿ, ಕಣ್ಣು ಮೆಟ್ಟುಗತ್ತಿಯ ಮೇಲೆ. ನಾಯಿಯನ್ನು ದಿಟ್ಟಿಸಲು ಯಾರಿಗೂ ಪುರಸೊತ್ತಿಲ್ಲ. ಅಂಜುಬುರುಕ ನಾಯಿಗೆ ಇದಕ್ಕಿಂತ ಒಳ್ಳೆಯ ಅಪರಿಚಿತರು ಸಿಗಲಾರರು. ಉದ್ದದ ಹಗ್ಗ ಕಟ್ಟಿ, ಕತ್ತಿಗಳಿಂದ ದೂರದಲ್ಲಿ, ನಿಮ್ಮ ಪಕ್ಕದಲ್ಲಿ ಮಲಗಲು ಬಿಡಿ. ತಾನಾಗಿ ಎದ್ದು ಅಂಚಿನಲ್ಲಿ ಕುಳಿತವರ ಬೆನ್ನನ್ನು ಮೂಸಿದರೆ ಅವರು ತಿರುಗಿ ನೋಡದೆ ಸುಲಿಯುತ್ತಲೇ ಇರಲಿ.