ವ್ಯಾಯಾಮ ಮಾಡಿದಾಗ ಅಪಧಮನಿಯ ಗೋಡೆಯಲ್ಲಿ ಏನಾಗುತ್ತದೆ?

ವ್ಯಾಯಾಮದಿಂದ ರಕ್ತನಾಳಕ್ಕೆ ಏನು ಲಾಭ ಅಂತ ಪರೀಕ್ಷೆಯಲ್ಲಿ ಕೇಳಿದರೆ ಬಿಪಿ, ಶುಗರ್, ಕೊಲೆಸ್ಟ್ರಾಲ್ ಅಂತ ಬರೆದು ಮುಗಿಸುತ್ತೇವೆ, ಅಲ್ವಾ? ತಪ್ಪೇನಲ್ಲ. ಆದರೆ ಇವು ಅಷ್ಟಾಗಿ ಬದಲಾಗದಿದ್ದರೂ ಗೋಡೆ ಸುಧಾರಿಸಬಹುದು. ಆ ಕೆಲಸ ಮಾಡುವುದು ಹರಿಯುವ ರಕ್ತವೇ.

ಅಪಧಮನಿ ಅಂದರೆ ಹೃದಯದಿಂದ ರಕ್ತ ಒಯ್ಯುವ ನಾಳ. ಅದರ ಗೋಡೆಗೆ ಮೂರು ಪದರ. ರಕ್ತಕ್ಕೆ ನೇರವಾಗಿ ತಾಗುವುದು ಎಂಡೋಥೀಲಿಯಂ. ದಪ್ಪ ಒಂದೇ ಜೀವಕೋಶದಷ್ಟು. ಬಹಳ ಕಾಲ ಇದನ್ನು ಸುಮ್ನೆ ಒಂದು ಲೈನಿಂಗ್ ಅಂತ ತಿಳಿದಿದ್ದರು. 1980ರಲ್ಲಿ ವಿಜ್ಞಾನಿಗಳಾದ ರಾಬರ್ಟ್ ಫರ್ಚ್‌ಗಾಟ್ ಮತ್ತು ಜಾನ್ ಜವಾಡ್ಸ್ಕಿ ಮೊಲದ ಮಹಾಪಧಮನಿಯ ತುಂಡುಗಳ ಮೇಲಿನ ಪ್ರಯೋಗವನ್ನು ಪ್ರಕಟಿಸಿದರು. ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹಾಕಿದರೆ ತುಂಡು ಸಡಿಲವಾಗುತ್ತಿತ್ತು. ಒಳಪದರವನ್ನು ಉಜ್ಜಿ ತೆಗೆದ ಮೇಲೆ ಹಾಕಿದರೆ ಸಡಿಲವಾಗುತ್ತಿರಲಿಲ್ಲ. ಅಂದರೆ ಸಡಿಲಿಸುವ ಸಂದೇಶ ಆ ಪದರದಿಂದಲೇ ಬರುತ್ತಿತ್ತು. ಅದು ನೈಟ್ರಿಕ್ ಆಕ್ಸೈಡ್ ಅನಿಲ ಅಂತ ಆಮೇಲೆ ಗೊತ್ತಾಯಿತು. ಈ ಶೋಧಕ್ಕೆ 1998ರ ವೈದ್ಯಕೀಯ ನೊಬೆಲ್ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಈ ಮೂವರಿಗೆ ಸಿಕ್ಕಿತು.

ಈಗ ವ್ಯಾಯಾಮಕ್ಕೆ ಬನ್ನಿ. ಜೋರಾಗಿ ನಡೆದಾಗ ಕಾಲಿನ ಸ್ನಾಯುಗಳಿಗೆ ರಕ್ತ ಜಾಸ್ತಿ ಬೇಕು. ಹರಿವು ಏರಿದಂತೆ ಒಳಗೋಡೆಯನ್ನು ರಕ್ತ ಉಜ್ಜಿಕೊಂಡು ಹೋಗುವ ಬಲವೂ ಏರುತ್ತದೆ. ಇದೇ ಶಿಯರ್ ಸ್ಟ್ರೆಸ್. ಎಂಡೋಥೀಲಿಯಂ ಇದನ್ನು ಗುರುತಿಸಿ ನೈಟ್ರಿಕ್ ಆಕ್ಸೈಡ್ ಬಿಡುತ್ತದೆ. ಮಧ್ಯ ಪದರದ ಸ್ನಾಯು (ಸ್ಮೂತ್ ಮಸಲ್) ಸಡಿಲಗೊಂಡು ನಾಳ ಹಿಗ್ಗುತ್ತದೆ. ಇದೇ ಅನಿಲ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟದಂತೆಯೂ ನೋಡಿಕೊಳ್ಳುತ್ತದೆ. ಪರೀಕ್ಷೆಯಲ್ಲಿ ಬರೆಯುವಾಗ ಇದನ್ನು ಬಿಡಬೇಡಿ. ನಾಳ ಕವಲೊಡೆಯುವ ಜಾಗಗಳಲ್ಲಿ ಹರಿವು ಕುಗ್ಗಿ, ಹಿಂದೆಮುಂದೆ ಆಗುತ್ತಿರುತ್ತದೆ, ಹಾಗಾಗಿ ಅಲ್ಲಿ ಈ ರಕ್ಷಣೆ ಕಮ್ಮಿ. ಕುತ್ತಿಗೆಯ ಕ್ಯಾರೊಟಿಡ್ ಕವಲಿನಲ್ಲಿ ಕೊಬ್ಬಿನ ಪ್ಲಾಕ್ ಹೆಚ್ಚಾಗಿ ಕಟ್ಟುವುದು ಅದಕ್ಕೇ.

ಒಳಪದರ ನಾಳವನ್ನು ಎಷ್ಟು ಹಿಗ್ಗಿಸಬಲ್ಲದು ಅಂತ ಅಳೆಯುವ ರೀತಿ ಸೊಗಸಾಗಿದೆ. ಮುಂಗೈಗೆ ಬಿಪಿ ಪಟ್ಟಿ ಕಟ್ಟಿ 5 ನಿಮಿಷ ರಕ್ತ ತಡೆಯುತ್ತಾರೆ. ಬಿಟ್ಟ ಕೂಡಲೇ ರಕ್ತ ನುಗ್ಗುತ್ತದೆ. ತೋಳಿನ ಬ್ರೇಕಿಯಲ್ ಅಪಧಮನಿ ಎಷ್ಟು ಹಿಗ್ಗಿತು ಅಂತ ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾರೆ. ಒಳಪದರ ಹಾಳಾಗಿದ್ದರೆ ಹಿಗ್ಗುವುದು ಕಮ್ಮಿ.

ತಿಂಗಳುಗಟ್ಟಲೆ ಮುಂದುವರಿಸಿದರೆ ನಾಳದ ಅಳತೆಯೇ ದೊಡ್ಡದಾಗಬಹುದು. ಬಾಸ್ಟನ್ ಮ್ಯಾರಥಾನನ್ನು 7 ಸಲ ಗೆದ್ದ ಕ್ಲಾರೆನ್ಸ್ ಡಿಮಾರ್ 1958ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಶವಪರೀಕ್ಷೆಯಲ್ಲಿ ಅವರ ಹೃದಯದ ಅಪಧಮನಿಗಳು ಸಾಮಾನ್ಯಕ್ಕಿಂತ ಎರಡು ಮೂರು ಪಟ್ಟು ಅಗಲವಿದ್ದವು. ಪ್ಲಾಕ್ ಸ್ವಲ್ಪ ಇದ್ದರೂ ದಾರಿ ಕಟ್ಟಿರಲಿಲ್ಲ. ಒಬ್ಬರ ಕಥೆಯಿಂದ ಏನೂ ಸಾಬೀತಾಗುವುದಿಲ್ಲ ಬಿಡಿ, ಹುಟ್ಟಿನಿಂದಲೇ ಹಾಗಿದ್ದಿರಬಹುದು. ಆದರೂ ನೆನಪಿಡಲು ಒಳ್ಳೆಯ ಉದಾಹರಣೆ.

ಅಭ್ಯಾಸ ನಿಲ್ಲಿಸಿದರೆ ಮಾತ್ರ ಗಳಿಸಿದ್ದು ಕೆಲವೇ ವಾರಗಳಲ್ಲಿ ಕರಗತೊಡಗುತ್ತದೆ. ಹರಿವು ಮತ್ತೆ ಇಳಿಯಿತಲ್ಲ, ಒಳಪದರಕ್ಕೆ ಸಿಗುವ ಸೂಚನೆಯೂ ಇಳಿಯುತ್ತದೆ.