ಗಾಳಿ ಒಳಗೆ ಬರುವುದೆಲ್ಲಿಂದ?

"ಇನ್ನೆರಡು ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆ. ಆದ್ರೂ ಹೊಗೆ ಹೋಗುವುದಿಲ್ಲ ಮಾರಾಯ್ರೇ!" ಮಂಗಳೂರಿನ ಬೈಕಂಪಾಡಿಯ ಒಂದು ಕಾರ್ಖಾನೆ ಶೆಡ್ಡಿನಿಂದ ಫೋನು. ಜುಲೈ ತಿಂಗಳು. ಕಿಟಕಿಗೆಲ್ಲ ಟಾರ್ಪಾಲ್ ಕಟ್ಟಿದ್ದೀರಾ ಎಂದೆ. ಕಟ್ಟಿದ್ದರು. ಮಳೆ ಎರಚುತ್ತದಲ್ಲ, ಮತ್ತೆಂತ ಮಾಡುವುದು?

ಪ್ರತಿ ಮಳೆಗಾಲ ಇದೇ ಕಥೆ. ಬೊಂಡ, ಅಂದರೆ ಎಳನೀರು, ಕುಡಿಯುವಾಗ ನೋಡಿ. ತೂತು ಸ್ಟ್ರಾಗೆ ಬಿಗಿಯಾಗಿ ಕೂತರೆ ಎರಡು ಗುಟುಕು ಬರುತ್ತದೆ. ಆಮೇಲೆ ಎಷ್ಟು ಎಳೆದರೂ ಇಲ್ಲ. ಪಕ್ಕದಲ್ಲಿ ಚೂರು ಸಂದು ಮಾಡಿ, ಸರಾಗ. ಶೆಡ್ಡೂ ಅಷ್ಟೇ. ಒಳಗೆ ಬಂದಷ್ಟೇ ಗಾಳಿ ಹೊರಗೆ ಹೋಗುವುದು. ದಾರಿ ಮುಚ್ಚಿ ಫ್ಯಾನ್ ಹೆಚ್ಚಿಸಿದರೆ ಒಂದೇ ಬೊಂಡಕ್ಕೆ ನಾಲ್ಕು ಸ್ಟ್ರಾ ಹಾಕಿದ ಹಾಗೆ. ಕರೆಂಟ್ ಬಿಲ್ ಮಾತ್ರ ಜಾಸ್ತಿ. ಫ್ಯಾನ್ ಹಾಕಿದಾಗ ಹೊರಕ್ಕೆ ತೆರೆಯುವ ಬಾಗಿಲು ದೂಡಲು ಕಷ್ಟವಾದರೆ ನಿಮ್ಮಲ್ಲೂ ಇದೇ ರೋಗ.

ಸರಿ ಎಂದು ಕಿಟಕಿ ತೆರೆಯುತ್ತಾರೆ. ಯಾವುದು? ಫ್ಯಾನಿನ ಪಕ್ಕದ್ದೇ! ಅಲ್ಲಿ ಬಂದ ಗಾಳಿ ಅಲ್ಲೇ ಹೊರಗೆ. ಕೆಲಸದವರ ಮುಖದ ಮುಂದಿನ ಹೊಗೆ ಅಲುಗುವುದೇ ಇಲ್ಲ. ಇದನ್ನು ತೋರಿಸಲು ಚೀಲದಲ್ಲಿ ಊದುಬತ್ತಿ ಇಟ್ಟುಕೊಂಡಿರುತ್ತೇನೆ. ಒಬ್ಬರು ಪೂಜೆಗೆ ಬಂದವನೆಂದೇ ತಿಳಿದು ಚಪ್ಪಲಿ ಬಿಟ್ಟಿದ್ದರು. 1948ರ ಕಾರ್ಖಾನೆ ಕಾಯ್ದೆಯ 13ನೇ ಕಲಂ ಕೇಳಿದ್ದೂ ಹೊಸ ಗಾಳಿ ಓಡಾಡಬೇಕೆಂದು. ಫ್ಯಾನ್ ಎಣಿಸಿ ಎಂದಲ್ಲ.

ನಮ್ಮ ಮಳೆಗಾಳಿ ಬೀಸುವುದು ಕಡಲ ಕಡೆಯಿಂದ. ಪಡುಗೋಡೆಯ ಫ್ಯಾನ್ ಅದರ ಜತೆ ಗುದ್ದಾಡುತ್ತದೆ. ಗಾಳಿ ಬರುವ ದಾರಿಗೆ ಮೇಲಿಂದ ಇಳಿಜಾರು ಶೀಟ್ ಕೊಟ್ಟರೆ ಹೆಚ್ಚಿನ ಕಡೆ ಎರಚಲು ನಿಲ್ಲುತ್ತದೆ. ಅಳತೆ ಮಾತ್ರ ಶೆಡ್ ನೋಡದೆ ಹೇಳಲಾರೆ. ಇನ್ನೊಂದು, ಇದು ಶೆಡ್ಡಿನ ಮಾತು. ಮೀನಿನ ತ್ಯಾಜ್ಯದ ಟ್ಯಾಂಕಿಗೆ ಇದೇ ಲೆಕ್ಕ ಹಿಡಿದು ಯಾರನ್ನೂ ಇಳಿಸಬೇಡಿ. ಅಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಗಾಳಿಗಿಂತ ಭಾರ, ತಳದಲ್ಲಿ ಕೂರುತ್ತದೆ. ಜಾಸ್ತಿಯಾದರೆ ಮೂಗಿಗೆ ವಾಸನೆಯೂ ತಿಳಿಯುವುದಿಲ್ಲ.

ಬೆಳಕಿನ ಬಗ್ಗೆಯೂ ಒಂದು ಮಾತು. ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ವಿಂಗಡಿಸುವ ಗ್ರೇಡಿಂಗ್ ತಪ್ಪುತ್ತಿತ್ತು. ಟ್ಯೂಬ್‌ಲೈಟಿನ ಕೆಳಗೆ ಮೇಜು ಹಾಕಿಸಿಕೊಟ್ಟರೂ ಹೆಂಗಸರು ಬಾಗಿಲ ಹತ್ತಿರ ಕತ್ತಲಲ್ಲೇ ಕೂರುತ್ತಾರೆಂದು ಧಣಿಗಳಿಗೆ ಸಿಟ್ಟು. ನಾನು ಒಬ್ಬ ಅಕ್ಕನನ್ನು ಕೇಳಿದೆ.

"ಅಲ್ಲಿ ಬೆಳಕು ಉಂಟು ಸರ್, ಉಸಿರಾಡ್ಲಿಕ್ಕೆ ಆಗುದಿಲ್ಲ" ಅಂದರು, ಕೈ ನಿಲ್ಲಿಸದೆ.