ಟೋರ್ಬೆಲ್: ಒಣಹುಲ್ಲಿನ ಲೆಕ್ಕದಲ್ಲಿ ಬಾಳಿದ ಊರು

ಒಂದು ಹಳ್ಳಿಯ ಭೂಗೋಳ ಓದುವಾಗ ಎತ್ತರ ಒಂದು ಕಡೆ, ಮಳೆ ಒಂದು ಕಡೆ, ಜನಸಂಖ್ಯೆ ಇನ್ನೊಂದು ಕಡೆ ಬರೆದುಕೊಳ್ಳುವುದು ನಮ್ಮ ಅಭ್ಯಾಸ, ಅಲ್ವಾ? ಸ್ವಿಟ್ಜರ್ಲೆಂಡಿನ ಟೋರ್ಬೆಲ್ ವಿಷಯದಲ್ಲಿ ಹಾಗೆ ಮಾಡಬೇಡಿ. ಇಲ್ಲಿ ಮೂರಕ್ಕೂ ಗಂಟು ಹಾಕಿರುವುದು ಒಣಹುಲ್ಲು.

ಮೊದಲು ಜಾಗ ನೋಡೋಣ. ದೇಶದ ದಕ್ಷಿಣದಲ್ಲಿ ವಾಲಿಸ್ ಎಂಬ ಕ್ಯಾಂಟನ್ ಇದೆ. ಕ್ಯಾಂಟನ್ ಅಂದರೆ ಅಲ್ಲಿನ ರಾಜ್ಯ. ಅದರೊಳಗೆ ವಿಸ್ಪ್ ಕಣಿವೆಯ ಕಡಿದಾದ ಇಳಿಜಾರಿನಲ್ಲಿ, ಸುಮಾರು 1500 ಮೀಟರ್ ಎತ್ತರದಲ್ಲಿ ಟೋರ್ಬೆಲ್ ಇದೆ. ಊರಿನವರು ತಮ್ಮ ಜರ್ಮನ್ ಆಡುಮಾತಿನಲ್ಲಿ ಇದನ್ನು ಟೆರ್ಬಿಲ್ ಅನ್ನುತ್ತಾರೆ. ಕಣಿವೆಯ ಕೆಳಗೆ ಸ್ಟಾಲ್ಡೆನ್ ಊರು. ಮೇಲೆ 2000 ಮೀಟರ್ ದಾಟಿದರೆ ಮೋಸಾಲ್ಪ್ ಹುಲ್ಲುಗಾವಲು.

ಒಂದೇ ಕುಟುಂಬದ ಆಸ್ತಿ ಈ ಇಳಿಜಾರಿನ ಉದ್ದಕ್ಕೂ ಚದುರಿರುತ್ತಿತ್ತು. ಕಣಿವೆಯ ಕೆಳಭಾಗದಲ್ಲಿ ಒಂದಿಷ್ಟು ದ್ರಾಕ್ಷಿ, ನಡುವೆ ರೈ ಧಾನ್ಯದ ಹೊಲ, ಅಲ್ಲಲ್ಲಿ ಹುಲ್ಲು ಕೊಯ್ಯುವ ತುಂಡುಗಳು. ಇವೆಲ್ಲ ಖಾಸಗಿ. ಅದರ ಮೇಲಿನ ಕಾಡು ಮತ್ತು ಬೇಸಿಗೆಯ ಹುಲ್ಲುಗಾವಲು ಮಾತ್ರ ಊರೊಟ್ಟಿನದು, ನಮ್ಮ ಗೋಮಾಳದ ಹಾಗೆ.

ಸುತ್ತಲಿನ ಎತ್ತರದ ಬೆಟ್ಟಗಳು ಮಳೆಮೋಡಗಳನ್ನು ತಡೆಯುತ್ತವೆ. ಹಾಗಾಗಿ ಇದು ಸ್ವಿಟ್ಜರ್ಲೆಂಡಿನ ಅತಿ ಒಣ ಪ್ರದೇಶಗಳಲ್ಲಿ ಒಂದು. ಆಲ್ಪ್ಸ್ ಅಂದ ತಕ್ಷಣ ತಾನಾಗಿ ಬೆಳೆಯುವ ಹಸಿರು ಕಣ್ಣಿಗೆ ಬರುತ್ತದೆ, ಆದರೆ ಇಲ್ಲಿನ ಹುಲ್ಲಿಗೂ ನೀರು ಹಾಯಿಸಬೇಕು. ಬೆಟ್ಟದ ಪಕ್ಕದಲ್ಲೇ ತೋಡಿದ ಕಾಲುವೆಗಳಲ್ಲಿ ನೀರು ತಂದು ಸರದಿಯ ಮೇಲೆ ಹಂಚಿಕೊಳ್ಳುತ್ತಿದ್ದರು.

ಈಗ ಮುಖ್ಯ ವಿಷಯ. 1483ರಲ್ಲಿ ಊರಿನವರು ಸೇರಿ ಹುಲ್ಲುಗಾವಲು, ಕಾಡು, ಪಾಳುಭೂಮಿಯನ್ನು ನೋಡಿಕೊಳ್ಳಲು ಒಂದು ಒಪ್ಪಂದ ಬರೆದುಕೊಂಡರು. 1517ರ ನಿಯಮ ಇನ್ನೂ ಸೊಗಸು: ಚಳಿಗಾಲದಲ್ಲಿ ಎಷ್ಟು ಹಸು ಸಾಕಬಲ್ಲಿರೋ ಅಷ್ಟನ್ನು ಮಾತ್ರ ಬೇಸಿಗೆಯಲ್ಲಿ ಮೇಲಕ್ಕೆ ಕಳಿಸಬಹುದು.

ಇದು ಹೇಗೆ ಕೆಲಸ ಮಾಡುತ್ತದೆ ನೋಡಿ. ನಿಮ್ಮ ಸ್ವಂತ ಹೊಲದಲ್ಲಿ ಕೊಯ್ದು ಒಣಗಿಸಿಟ್ಟ ಹುಲ್ಲು ಚಳಿಗಾಲದಲ್ಲಿ ಮೂರು ಹಸುಗಳಿಗೆ ಸಾಕಾಗುತ್ತದೆ ಅಂತಿಟ್ಟುಕೊಳ್ಳಿ. ಊರೊಟ್ಟಿನ ಹುಲ್ಲುಗಾವಲಿಗೆ ಸುಮ್ನೆ ಇನ್ನೆರಡು ಹಸು ಕೊಂಡುತಂದು ಬಿಡುವ ಹಾಗಿಲ್ಲ. ಹಸುಗಳು ಮೇಲಕ್ಕೆ ಹೊರಡುವಾಗಲೇ ಎಣಿಕೆ ಮುಗಿಯುತ್ತಿತ್ತು. ತಪ್ಪಿದವರಿಗೆ ದಂಡ, ಆ ದಂಡದ ಅರ್ಧ ಅದನ್ನು ಹಿಡಿದ ಅಧಿಕಾರಿಗೆ! ಹುಲ್ಲುಗಾವಲಿನಲ್ಲಿ ಮಾಡಿದ ಚೀಸನ್ನೂ ಅವರವರು ಕಳಿಸಿದ ಹಸುಗಳ ಲೆಕ್ಕದಲ್ಲೇ ಹಂಚುತ್ತಿದ್ದರು. ಹೊರಗಿನವರು ಬಂದು ಜಮೀನು ಕೊಂಡರೂ ಊರೊಟ್ಟಿನ ಹುಲ್ಲಿನ ಮೇಲೆ ಹಕ್ಕು ಸಿಗುತ್ತಿರಲಿಲ್ಲ.

ಜನಸಂಖ್ಯೆಯ ಪಾಠ ಶುರುವಾಗುವುದು ಇಲ್ಲಿಂದ. ಹುಲ್ಲಿಗೆ ಮಿತಿ ಇದ್ದರೆ ಹಸುವಿಗೆ ಮಿತಿ, ಹಸುವಿಗೆ ಮಿತಿ ಇದ್ದರೆ ಸಂಸಾರಗಳಿಗೂ ಮಿತಿ. ಅಮೆರಿಕದ ಮಾನವಶಾಸ್ತ್ರಜ್ಞ ರಾಬರ್ಟ್ ನೆಟ್ಟಿಂಗ್ ಈ ಊರಿನ ಚರ್ಚಿನಲ್ಲಿದ್ದ ಹುಟ್ಟು, ಮದುವೆ, ಸಾವಿನ ಪುಸ್ತಕಗಳನ್ನು ಕೂತು ಓದಿದರು. ಜನ ತಡವಾಗಿ ಮದುವೆಯಾಗುತ್ತಿದ್ದರು. ಮದುವೆಯೇ ಆಗದವರು ಜಾಸ್ತಿ ಇದ್ದರು. ಮಕ್ಕಳ ನಡುವೆ ಅಂತರ ಹೆಚ್ಚು. ಕೆಲವರು ವಲಸೆ ಹೋದರು. ಆಸ್ತಿಯಲ್ಲಿ ಎಲ್ಲ ಮಕ್ಕಳಿಗೂ ಪಾಲು ಇದ್ದರೂ ಊರು ಉಕ್ಕಿ ಹರಿಯದೆ ಇದ್ದದ್ದು ಹೀಗೆ. ಆಮೇಲೆ ಆಲೂಗಡ್ಡೆ ಬಂತು. ಅಷ್ಟೇ ನೆಲದಲ್ಲಿ ಹೆಚ್ಚು ಹೊಟ್ಟೆ ತುಂಬುವಂತಾಯಿತು, ಜನರೂ ಹೆಚ್ಚಿದರು. ಪರೀಕ್ಷೆಯಲ್ಲಿ ಈ ಕೊಂಡಿಯನ್ನು ಬಿಡಬೇಡಿ.

ಅಮೆರಿಕದ ರಾಜ್ಯಶಾಸ್ತ್ರಜ್ಞೆ ಎಲಿನಾರ್ ಆಸ್ಟ್ರಂ ಸಮುದಾಯದ ಆಸ್ತಿಯ ಬಗ್ಗೆ ಬರೆಯುವಾಗ ಟೋರ್ಬೆಲ್ ಅನ್ನು ಉದಾಹರಣೆಯಾಗಿ ತೆಗೆದುಕೊಂಡರು. ಎಲ್ಲರಿಗೂ ಸೇರಿದ್ದು ಹಾಳಾಗಿಯೇ ತೀರುತ್ತದೆ ಎಂಬ ವಾದಕ್ಕೆ ಈ ಊರು ಐನೂರು ವರ್ಷದ ಉತ್ತರ. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು.

ಇವತ್ತು ಊರಿನಲ್ಲಿ ಸುಮಾರು 500 ಜನ. ಕಾರ್ಖಾನೆ ಕೆಲಸ ಸಿಕ್ಕ ಮೇಲೆ ತುಂಬಾ ಮಂದಿ ಕೆಳಗಿನ ವಿಸ್ಪ್ ಪಟ್ಟಣಕ್ಕೆ ದುಡಿಯಲು ಇಳಿದರು. ಹಳೆಯ ಮರದ ಕಣಜಗಳು ಮಾತ್ರ ಇನ್ನೂ ನಿಂತಿವೆ. ಬಿಸಿಲಿಗೆ ಕಪ್ಪಾದ ಲಾರ್ಚ್ ಮರದ ಗೋಡೆ, ಕೆಳಗೆ ಗಿಡ್ಡ ಕಾಲುಗಳು, ಒಂದೊಂದು ಕಾಲಿನ ತಲೆಯ ಮೇಲೂ ಬೀಸುವ ಕಲ್ಲಿನಷ್ಟು ಅಗಲದ ದುಂಡನೆಯ ಚಪ್ಪಡಿ. ಕಾಲು ಹತ್ತಿ ಬಂದ ಇಲಿ ಆ ಚಪ್ಪಡಿಯ ಅಂಚು ದಾಟಲಾರದೆ ವಾಪಸ್ಸು ಇಳಿಯಬೇಕು.